ನಾನು ಮೆತ್ತಿ ಮುಚ್ಚಿದ ತೇಪೆ

ಆ ವಿಮಾನವನ್ನು ಮೊದಲ ಸಲ ನೋಡಿದಾಗ ಅದು ಸುಣ್ಣ ಉದುರಿದ ಗೋಡೆಯ ಹಾಗಿತ್ತು. ರಿಂಗ್ ರೋಡಿನ ಆಚೆ ಹೊಸದಾಗಿ ಕಟ್ಟುತ್ತಿದ್ದ ವಿಮಾನಗಳ ಮ್ಯೂಸಿಯಮ್ಮಿನ ಅಂಗಳದಲ್ಲಿ, ಸಿಮೆಂಟಿನ ಕಟ್ಟೆ ಮೇಲೆ ಚಕ್ರ ಊರಿಕೊಂಡು ನಿಂತಿತ್ತು. ಒಬ್ಬನೇ ಕೂತು ಹಾರಿಸುವ ಯುದ್ಧವಿಮಾನ. ಮೈಮೇಲೆ ಹಳೇ ಬಣ್ಣ ಹೊಪ್ಪಳೆ ಎದ್ದಿತ್ತು, ರೆಕ್ಕೆಯ ಸಂದಿಯಲ್ಲಿ ಗುಬ್ಬಚ್ಚಿ ಹುಲ್ಲು ತುರುಕಿತ್ತು.

ನಾನು ಬಸ್ಸು, ಲಾರಿ, ಕಾರಿಗೆ ಬಣ್ಣ ಹೊಡೆಯುವವನು. ಬನ್ನಿಮಂಟಪದ ಕಡೆ ನನ್ನ ಗ್ಯಾರೇಜು. ಓದಿದ್ದು ನಾಲ್ಕನೇ ಕ್ಲಾಸು. ವಿಮಾನ ಮುಟ್ಟಿ ಗೊತ್ತಿರಲಿಲ್ಲ. ಮ್ಯೂಸಿಯಂ ನೋಡಿಕೊಳ್ಳುವ ಮೇಡಂ ತಮ್ಮ ಕಾರು ನನ್ನ ಹತ್ತಿರ ರಿಪೇರಿಗೆ ಬಿಟ್ಟಿದ್ದರು. ಕೆಲಸ ಮೆಚ್ಚಿ, "ಯಜಮಾನ್ರೇ, ಒಂದು ವಿಮಾನ ಇದೆ, ಹೊಡೀತೀರಾ?" ಅಂದರು. ನನಗೆ ನಗು ಬಂತು. ಆಮೇಲೆ ಹ್ಞೂಂ ಅಂದೆ. ಮನೆಗೆ ಹೋಗಿ ಮೊಮ್ಮಗಳಿಗೆ ಹೇಳಿದೆ.

ಮೊಮ್ಮಗಳು ಅಂದರೆ ನನ್ನ ಮಗಳ ಮಗಳು, ಎರಡನೇ ಕ್ಲಾಸು. ಅವಳ ಅಮ್ಮ ಸರಸ್ವತಿಪುರಂನ ಒಂದು ಟ್ಯುಟೋರಿಯಲ್‌ನಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಕೂಸು ಸ್ಕೂಲಿಂದ ನೇರ ನಮ್ಮನೆಗೆ ಬರುತ್ತೆ. ಅವಳು ಬಂದಳು ಅಂದರೆ ನನಗೆ ಹಬ್ಬ. ವಿಮಾನದ ಮಾತು ಕೇಳಿದ್ದೇ, ತಟ್ಟೆಯಲ್ಲಿದ್ದ ಚಪಾತಿ ಬಿಟ್ಟು ಎದ್ದು ಮನೆ ತುಂಬ ರೆಕ್ಕೆ ಚಾಚಿಕೊಂಡು ಓಡಿದಳು. ಮಾರನೇ ದಿನ ಅವಳ ಕ್ಲಾಸಿಗೆಲ್ಲ ಗೊತ್ತಾಗಿತ್ತು. ನನಗೆ ಆ ಸಂತೋಷ ಎಷ್ಟಾಯಿತು ಅಂದರೆ, ಬಸ್ಸಿನಲ್ಲಿ ಪಕ್ಕದಲ್ಲಿ ಕೂತ ಗುರುತಿಲ್ಲದವರಿಗೂ ಹೇಳಿಕೊಂಡು ಬಂದೆ.

ಕೆಲಸ ಒಪ್ಪಿಸುವಾಗ ಮೇಡಂ ಬಿಡಿಸಿ ಹೇಳಿದ್ದರು. "ಹಳೇ ಬಣ್ಣ ತೆಗೀರಿ. ಬಿಳೀ ಪುಡಿ ಕಟ್ಟಿರೋ ಕಡೆ ಉಜ್ಜಿ. ಹೊಸ ಬಣ್ಣ ಹೊಡೀರಿ. ಅಷ್ಟೇ. ತಗ್ಗು, ಉಬ್ಬು ಏನಿದ್ರೂ ಹಾಗೇ ಇರ್ಲಿ. ಬೇರೆ ಏನಾದ್ರೂ ಮಾಡ್ಬೇಕು ಅನ್ನಿಸಿದ್ರೆ ನನ್ನನ್ನ ಕೇಳಿ." ಆಯ್ತು ಮೇಡಂ ಅಂದೆ. ಆ ಮಾತು ಈಗಲೂ ಕಿವಿಯಲ್ಲಿದೆ.

ಮೊದಲ ಪೆಟ್ಟು ಬೇಗನೇ ಬಿತ್ತು. ಲಾರಿಗೆ ಬಣ್ಣದ ಅಡಿಗೆ ಹೊಡೆಯುವ ಪ್ರೈಮರನ್ನೇ ಮೂಗಿನ ಭಾಗಕ್ಕೆ ಹೊಡೆದೆ. ಒಣಗಿದ ಮೇಲೆ ಅಂಚಿಗೆ ಹಚ್ಚಿದ್ದ ಮಾಸ್ಕಿಂಗ್ ಟೇಪು ಎಳೆದರೆ, ಟೇಪಿನ ಜೊತೆ ಪ್ರೈಮರೂ ಬಾಳೆಹಣ್ಣಿನ ಸಿಪ್ಪೆ ಥರ ಎದ್ದು ಬಂತು. ಲಾರಿ ಕಬ್ಬಿಣ, ಇದು ಅಲ್ಯೂಮಿನಿಯಂ. ಕಬ್ಬಿಣ ಬಣ್ಣವನ್ನು ಕಚ್ಚಿ ಹಿಡಿಯುತ್ತೆ, ಅಲ್ಯೂಮಿನಿಯಂ ಹಿಡಿಯಲ್ಲ. ಅದಕ್ಕೆ ಬೇರೆ ಪ್ರೈಮರ್ ಬೇಕು, ಲೋಹವನ್ನು ಸ್ವಲ್ಪ ತಿಂದು ಕೂರುವಂಥದ್ದು. ಅದನ್ನು ತರಿಸಿ, ಹೊಡೆದದ್ದನ್ನೆಲ್ಲ ಕೆರೆದು, ಥಿನ್ನರಿನಲ್ಲಿ ಒರೆಸಿ, ಮತ್ತೆ ಶುರು ಮಾಡಿದೆ. ಆಮೇಲೆ ಮೋಡ ಕವಿದ ದಿನ ಬಣ್ಣ ಊದುವ ಗನ್ನು ಹಿಡಿದು, ಥಂಡಿಗೆ ಬಣ್ಣ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಗಿ, ಒಂದು ರೆಕ್ಕೆ ಪೂರ್ತಿ ಎರಡನೇ ಸಲ ಉಜ್ಜಿದ್ದೂ ಆಯಿತು. ಬಿಸಿಲು ಏರುವ ತನಕ ಕಾದು ಹೊಡೆಯಬೇಕು ಅನ್ನೋದು ನನಗೆ ಗೊತ್ತಿಲ್ಲದ್ದೇನಲ್ಲ. ಅವಸರ. ಕೂಸಿಗೆ ತೋರಿಸುವ ಅವಸರ.

ಹೀಗೆ ಹಳೇ ಬಣ್ಣ ತೆಗೆಯುತ್ತಾ ಎಡಗಡೆ ಬಂದಾಗ, ರೆಕ್ಕೆಯ ಬುಡಕ್ಕೆ ಮುಂಚೆ, ಎದೆಮಟ್ಟದಲ್ಲಿ ಒಂದು ತೇಪೆ ಸಿಕ್ಕಿತು. ಅಂಗೈಯಗಲ ತಗಡು, ಸುತ್ತ ಅದನ್ನು ಹಿಡಿಸುವ ಮೊಳೆ ಥರದ ರಿವೆಟ್ಟು. ವಿಮಾನದ ಬೇರೆ ರಿವೆಟ್ಟೆಲ್ಲ ದಾರ ಹಿಡಿದು ಕೂರಿಸಿದ ಹಾಗಿದ್ದರೆ, ಈ ತೇಪೆಯದು ಅವಸರದ ಕೆಲಸ. ಕೆಳಮೂಲೆಯ ಒಂದು ರಿವೆಟ್ಟಂತೂ ಸಾಲು ಬಿಟ್ಟು ಹಿಂದಕ್ಕೆ ಜಾರಿತ್ತು. ಯಾವನೋ ಕೈ ಬರದವನು ಹೊಡೆದಿದ್ದಾನೆ ಅಂದುಕೊಂಡೆ.

ಅವತ್ತು ಸ್ಕೂಲಿಗೆ ರಜೆ. ನನ್ನ ಹೆಂಡತಿ ಊಟದ ಕ್ಯಾರಿಯರ್ ತರುವಾಗ ಕೂಸನ್ನೂ ಕರಕೊಂಡು ಬಂದಳು. ಕೂಸು ಸುತ್ತ ಒಂದು ರೌಂಡು ಹಾಕಿ, ತೇಪೆಯ ಮುಂದೆ ನಿಂತು ಬಾಯಿಗೆ ಕೈ ಇಟ್ಟುಕೊಂಡು ನಕ್ಕಳು.

"ತಾತ, ವಿಮಾನಕ್ಕೂ ತೇಪೆನಾ? ನಿನ್ ಚಡ್ಡಿ ಥರ ಇದೆ."

"ಅಂಗೆಲ್ಲ ಅನ್ಬಾರ್ದು ಕಣಮ್ಮ," ಅಂದೆ. ನನ್ನ ಹೆಂಡತಿಯೂ ನಕ್ಕಳು. "ಅದು ಹೇಳೋದು ಸರಿ ಐತೆ. ಚಡ್ಡಿದಾದ್ರೂ ನಾನು ನೆಟ್ಟಗೆ ಹೊಲ್ದಿದೀನಿ."

"ನಮ್ ಫ್ರೆಂಡ್ಸೆಲ್ಲ ಬರ್ತಾರೆ ತಾತ. ಇದನ್ನ ನೋಡಿ ನಗ್ತಾರೆ."

ಅವಳು ಹೇಳಿದ್ದು ಅಷ್ಟೇ. ಹೇಳಿ ಮರೆತು, ಕ್ಯಾರಿಯರ್ ಬಿಚ್ಚಿ ಚಿತ್ರಾನ್ನದ ಕಡಲೆಬೀಜ ಹೆಕ್ಕಿ ತಿನ್ನುತ್ತಾ ಕೂತಳು. ಮರೆಯದವನು ನಾನು.

ಪುಟ್ಟಿ ಅಂತ ಒಂದು ಮೆತ್ತುವ ಲೇಪ ಇರುತ್ತೆ. ಗುದ್ದಿದ ಕಾರಿನ ತಗ್ಗನ್ನು ಅದರಲ್ಲೇ ನಾವು ತುಂಬುವುದು. ಗಟ್ಟಿಯಾಗಿಸುವ ಔಷಧಿ ಚಿಟಿಕೆಯಷ್ಟು ಸೇರಿಸಿ ಕಲೆಸಿದರೆ ಬೇಗ ಕಲ್ಲಾಗುತ್ತೆ. ಮೇಡಂ ಅವತ್ತು ಬೆಂಗಳೂರಿಗೆ ಹೋಗಿದ್ದರು. ಫೋನು ಮಾಡಿ ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತಾರೆ ಅಂತ ಗೊತ್ತಿತ್ತು, ಅದಕ್ಕೇ ಕೇಳಲಿಲ್ಲ. ತೇಪೆಯ ಮೇಲೆ, ಅದರ ಸುತ್ತ ಮೊಳದಗಲ ಪುಟ್ಟಿ ಎಳೆದೆ. ಒರಟು ಕಾಗದದಲ್ಲಿ ಉಜ್ಜಿದೆ. ಮೇಲೆ ತೆಳ್ಳಗೆ ಕಪ್ಪು ಬಣ್ಣ ಊದಿ ಮತ್ತೆ ಉಜ್ಜಿದೆ. ಎಲ್ಲಿ ಕಪ್ಪು ಉಳಿಯುತ್ತೋ ಅಲ್ಲಿ ಇನ್ನೂ ತಗ್ಗಿದೆ ಅಂತ ಲೆಕ್ಕ. ಅಲ್ಲಿಗೆ ಇನ್ನೊಂದು ಎಳೆ ಪುಟ್ಟಿ. ಕೊನೆಗೆ ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಿ ನೋಡಿದೆ. ಕಣ್ಣಿಗೆ ಮೋಸ ಆಗುತ್ತೆ, ಅಂಗೈಗೆ ಆಗಲ್ಲ. ಬೆಣ್ಣೆಯ ಹಾಗೆ ಜಾರಿತು. ನನ್ನ ಜೀವಮಾನದಲ್ಲಿ ಅಷ್ಟು ನಯವಾದ ಪುಟ್ಟಿ ಕೆಲಸ ಮಾಡಿರಲಿಲ್ಲ. ಬೂದುಬಣ್ಣ ಹೊಡೆದ ಮೇಲೆ ಅಲ್ಲಿ ತೇಪೆ ಇತ್ತು ಅಂದರೆ ನಾನೇ ನಂಬುತ್ತಿರಲಿಲ್ಲ. ಬಾಲದ ಮೇಲಿನ ನಂಬರನ್ನು ಮೊದಲೇ ಅಚ್ಚು ತೆಗೆದಿಟ್ಟುಕೊಂಡಿದ್ದೆ, ಇದ್ದ ಜಾಗದಲ್ಲೇ ಇದ್ದ ಹಾಗೇ ಬರೆದೆ. ಮೇಡಂ ವಾಪಸ್ ಬಂದು ಸುತ್ತ ನೋಡಿ, ಚೆನ್ನಾಗಿದೆ ಅಂದರು. ಅವರಿಗೂ ಗೊತ್ತಾಗಲಿಲ್ಲ.

ಮ್ಯೂಸಿಯಂ ತೆರೆದ ಮೊದಲ ಭಾನುವಾರ ಮಕ್ಕಳು ಮರಿ ಎಲ್ಲ ಬರಲಿ ಅಂತ ಆಟಗಳಿಟ್ಟಿದ್ದರು. ಕಾಗದದ ವಿಮಾನ ಹಾರಿಸುವ ಪಂದ್ಯ, ಮುಖಕ್ಕೆ ಬಣ್ಣ ಬರೆಸಿಕೊಳ್ಳುವುದು, ಏಣಿ ಹತ್ತಿ ಪೈಲಟ್ಟಿನ ಸೀಟಿನಲ್ಲಿ ಕೂತು ಫೋಟೋ. ಗೇಟಿನ ಹತ್ತಿರ ಚುರುಮುರಿ ಗಾಡಿ. ನಾನು ಇಸ್ತ್ರಿ ಮಾಡಿದ ಬಿಳೀ ಷರಟು ಹಾಕಿಕೊಂಡು ಹೋಗಿದ್ದೆ. ಕೂಸು ಸೀಟಿನಲ್ಲಿ ಕೂತು, ಕೆಳಗೆ ಸಾಲಿನಲ್ಲಿ ನಿಂತವರಿಗೆಲ್ಲ ಕೇಳುವ ಹಾಗೆ, "ಇದಕ್ಕೆ ಬಣ್ಣ ಹೊಡ್ದಿದ್ದು ನಮ್ ತಾತ, ನೋಡಿ, ಬಿಳೀ ಷರ್ಟು," ಅಂತ ಬೆರಳು ತೋರಿಸಿದಳು. ಜನ ತಿರುಗಿ ನೋಡಿದರು. ಒಬ್ಬರು ಕೈ ಕುಲುಕಿದರು.  ಸುಳ್ಳು ಹೇಳಲ್ಲ, ಮಗಳ ಮದುವೆ ದಿನವೂ ಅಷ್ಟು ಹಿಗ್ಗಿರಲಿಲ್ಲ.

ಕೂಸು ಇಳಿದು ಬಂದು ನನ್ನ ಬೆರಳು ಹಿಡಿದುಕೊಂಡ ಹೊತ್ತಿಗೆ ಆ ಹಿರಿಯರು ಬಂದರು. ತೆಳ್ಳಗಿದ್ದರು, ಬೆನ್ನು ಮಾತ್ರ ನೆಟ್ಟಗೆ. ದಪ್ಪ ಕನ್ನಡಕ. ಅವರ ಮಗಳು ಮೊಳಕೈ ಹಿಡಿದು ನಡೆಸಿಕೊಂಡು ಬರುತ್ತಿದ್ದರು. ಹಿರಿಯರು ಮೊದಲು ಬಾಲದ ಹತ್ತಿರ ಹೋಗಿ ಮುಖ ಹತ್ತಿರ ಇಟ್ಟು ನಂಬರ್ ಓದಿದರು. ಆಮೇಲೆ ಯಾರನ್ನೂ ಏನೂ ಕೇಳದೆ ಎಡಗಡೆಗೆ ಬಂದು, ನೇರ ಆ ಜಾಗಕ್ಕೇ ಅಂಗೈ ಇಟ್ಟರು.

ನಾನು ಪುಟ್ಟಿ ಎಳೆದದ್ದು ಅಲ್ಲೇ.

"ಇಲ್ಲೇ ಇತ್ತಮ್ಮ," ಅಂದರು. ಅಂಗೈ ಮೇಲೆ ಹೋಯಿತು, ಕೆಳಗೆ ಬಂತು, ಪಕ್ಕಕ್ಕೆ ಹೋಯಿತು. "ನಾನೇ ಹಾಕಿದ ಪ್ಯಾಚು. ಗುಂಡು ತಗಲಿಸಿಕೊಂಡು ಬಂದಿತ್ತು. ಬೆಳಗಾಗೋದರೊಳಗೆ ಮತ್ತೆ ಹಾರಬೇಕಿತ್ತು. ನಿಂಗೆ ಎಷ್ಟು ಸಲ ಹೇಳಿದೀನಿ."

"ಹೇಳಿದೀರಿ ಅಪ್ಪ. ಆ ಕಡೆ ಇತ್ತೋ ಏನೋ."

"ಇಲ್ಲ, ಎಡಗಡೆ." ಆದರೂ ಬಲಗಡೆಗೂ ಹೋಗಿ ಸವರಿ ಬಂದರು. ಮತ್ತೆ ಎಡಗಡೆ. ಈ ಸಲ ಎರಡೂ ಕೈ ಇಟ್ಟು ಹುಡುಕಿದರು. ನನ್ನ ಆ ಬೆಣ್ಣೆಯಂಥ ಕೆಲಸದ ಮೇಲೆ ಅವರ ಕೈ ಎಲ್ಲೂ ತಡೆಯದೆ ಜಾರುತ್ತಿತ್ತು.

"ಬೇರೆ ವಿಮಾನ ಇರ್ಬೇಕು ಬಿಡಿ ಅಪ್ಪ."

"ನಂಬರ್ ಅದೇ ಕಣಮ್ಮ."

"ನಂಬರ್ ಸರಿಯಾಗಿ ನೆನಪಿದೆಯಾ? ಮೊನ್ನೆ ಗ್ಯಾಸ್ ಆರಿಸಿದೀನಿ ಅಂತ ಆಣೆ ಮಾಡಿ ಹೇಳಿದ್ರಿ. ಉರೀತಾನೇ ಇತ್ತು." ಮಗಳು ಗದರಿ ಹೇಳಲಿಲ್ಲ, ಮೆತ್ತಗೇ ಹೇಳಿದರು. "ಡಾಕ್ಟ್ರು ಏನಂದ್ರು ಹೇಳಿ? ತಲೆ ಕೆಡಿಸ್ಕೋಬೇಡಿ ಅಂದ್ರಲ್ವಾ."

ಹಿರಿಯರು ಕೈ ತೆಗೆದರು. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. "ಇರಬಹುದು," ಅಂದರು.

ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಬಾಯಿ ತೆರೆದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಕೂಸು ನನ್ನ ಬೆರಳು ಹಿಡಿದುಕೊಂಡಿತ್ತು, ಅವಳ ಫ್ರೆಂಡ್ಸು ಅಲ್ಲೇ ಇದ್ದರು, ಈಗತಾನೇ ಕೈ ಕುಲುಕಿದವರೂ ಅಲ್ಲೇ ಇದ್ದರು. ನೋಡುತ್ತಾ ನಿಂತೆ. ಹಿರಿಯರು ಬಂದಾಗಿನಕ್ಕಿಂತ ಬಗ್ಗಿಕೊಂಡು ಗೇಟಿನ ಕಡೆ ನಡೆದರು. ಬೆನ್ನು ಈಗ ನೆಟ್ಟಗಿರಲಿಲ್ಲ.

ವಾಪಸ್ ಬರುವಾಗ ಸಿಟಿ ಬಸ್ಸಿನಲ್ಲಿ ಕೂಸು ಕೇಳಿತು. "ತಾತ, ಆ ತಾತ ಹುಡುಕ್ತಿದ್ದಿದ್ದು ಆ ತೇಪೇನಾ?"

"ಅಲ್ಲ ಕಣಮ್ಮ. ಅವ್ರು ಬೇರೆ ಏನೋ ಹುಡುಕ್ತಿದ್ರು."

ಅವಳು ತಲೆ ಆಡಿಸಿ ನನ್ನ ತೊಡೆ ಮೇಲೆ ನಿದ್ದೆ ಹೋದಳು. ನಾನು ಏನು ಹೇಳಿದರೂ ನಂಬುವ ಕೂಸು. ಮುಖದ ಮೇಲೆ ಬರೆಸಿಕೊಂಡಿದ್ದ ಚಿಟ್ಟೆ ನನ್ನ ಪಂಚೆಗೆ ಅಂಟಿತು. ಅವಳ ತಲೆ ಸವರುವುದಕ್ಕೂ ನನ್ನ ಮನಸ್ಸು ಹಿಂಜರಿಯಿತು.

ಮಾರನೇ ದಿನ ಮ್ಯೂಸಿಯಂಗೆ ರಜೆ. ಬೆಳಿಗ್ಗೆಯೇ ಹೋದೆ. ಮೇಡಂ ಆಫೀಸಿನಲ್ಲಿದ್ದರು. ನಿಂತುಕೊಂಡೇ ಎಲ್ಲ ಹೇಳಿದೆ. ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಸುಮ್ಮನೆ ಎದ್ದು ಹೋಗಿ ವಿಮಾನದ ಪಕ್ಕ ನಿಂತರು, ಬೆರಳಿಂದ ತಟ್ಟಿ ನೋಡಿದರು. ಪಕ್ಕದಲ್ಲಿ ತಗಡಿನ ಸದ್ದು, ಅಲ್ಲಿ ಮಂಕು ಸದ್ದು.

"ಯಾರನ್ನ ಕೇಳಿ ಹಾಕಿದ್ರಿ?"

"ಯಾರನ್ನೂ ಕೇಳ್ಲಿಲ್ಲ ಮೇಡಂ."

"ಅವರು ನಿನ್ನೆ ನನ್ನ ಹತ್ರಾನೂ ಬಂದಿದ್ರು. ಅಂಥದ್ದೇನೂ ಇಲ್ಲ ಸಾರ್, ಅಂತ ನಾನೇ ಹೇಳಿ ಕಳಿಸ್ದೆ. ನೀವು ನನ್ನ ಬಾಯಲ್ಲೂ ಸುಳ್ಳು ಹೇಳಿಸಿದ್ರಿ ಯಜಮಾನ್ರೇ." ಆಫೀಸಿನ ಕಡೆ ತಿರುಗಿ, "ಈ ವಾರ ಪೂರ್ತಿ ಸ್ಕೂಲುಗಳು ಬರ್ತಿವೆ. ಆಮೇಲೆ ನೋಡೋಣ. ನೀವೊಬ್ರೇ ಬಂದು ತೆಗೆದುಬಿಡಿ, ಅವರಿಗೆ ಫೋನ್ ಮಾಡಿ ಬಂದು ನೋಡಿ ಅಂತೀನಿ."

ಅದೇ ಸುಲಭದ ದಾರಿ. ಆಯಿತು ಅಂದು ಗೇಟಿನ ತನಕ ಹೋದೆ. ಅಲ್ಲಿ ನಿಂತು ಯೋಚನೆ ಮಾಡಿದೆ. ನಾನೊಬ್ಬನೇ ತೆಗೆದಿಟ್ಟು ಕರೆದರೆ, ಪಾಪ ಮುದುಕರ ಸಮಾಧಾನಕ್ಕೆ ಮ್ಯೂಸಿಯಂನವರೇ ಒಂದು ತಗಡು ಅಂಟಿಸಿದ್ದಾರೆ ಅಂತ ಮಗಳು ಅಂದುಕೊಂಡರೆ? ಲಾರಿ ಪೇಂಟರಿಗೆ ತೇಪೆ ಮುಚ್ಚುವುದೂ ಗೊತ್ತು, ಮಾಡುವುದೂ ಗೊತ್ತು. ನನ್ನ ಬಣ್ಣದ ಅಡಿಯಿಂದಲೇ ಅದು ಈಚೆ ಬರಬೇಕು, ಅವರ ಮಗಳು ಕಣ್ಣಾರೆ ನೋಡಬೇಕು. ಎಲ್ಲಕ್ಕೂ ಮೊದಲು ಮುಚ್ಚಿದವನು ನಾನು ಅಂತ ಅವರ ಮನೆ ಬಾಗಿಲಲ್ಲಿ ನಿಂತು ಹೇಳಬೇಕು. ವಾಪಸ್ ಹೋಗಿ ಮೇಡಂಗೆ ಹಾಗೇ ಹೇಳಿದೆ. ಅವರು ನನ್ನನ್ನೇ ನೋಡಿ, ಹಿರಿಯರಿಗೆ ಫೋನ್ ಮಾಡಿ ಕೇಳಿಕೊಂಡು ಅಡ್ರೆಸ್ ಹೇಳಿದರು.

ಯಾದವಗಿರಿಯಲ್ಲಿ ಮನೆ. ಗೇಟು ತೆರೆದವರು ಮಗಳೇ. ವಿಷಯ ಹೇಳಿದ್ದಕ್ಕೆ ಒಳಗೆ ಬನ್ನಿ ಅನ್ನಲಿಲ್ಲ.

"ನಮ್ಮ ತಂದೆಗೆ ಬೇಜಾರಾಯ್ತು ಅಂತ ಹೀಗೆ ಹೇಳೋದಕ್ಕೆ ಬಂದಿದೀರಾ? ನಿಮ್ಮದು ಒಳ್ಳೇ ಮನಸ್ಸು, ಆದ್ರೆ ಬೇಡ. ಆಮೇಲೆ ಇನ್ನೂ ಕಷ್ಟ ಆಗುತ್ತೆ."

"ಒಳ್ಳೇ ಮನಸ್ಸಲ್ಲಮ್ಮ. ನಾನೇ ಮುಚ್ಬುಟ್ಟಿದ್ದು."

"ಫೋಟೋ ಏನಾದ್ರೂ ಇದೆಯಾ?"

ನನ್ನದು ಬಟನ್ ಫೋನು. ಮೇಡಂ ತೆಗೆದ ಹಳೇ ಫೋಟೋದಲ್ಲಿ ಹೊಪ್ಪಳೆ ಎದ್ದ ಬಣ್ಣ ಬಿಟ್ಟರೆ ಏನೂ ಕಾಣುವುದಿಲ್ಲ. ಇಲ್ಲ ಅಂದೆ. ಅಷ್ಟರಲ್ಲಿ ಒಳಗಿಂದ ಹಿರಿಯರು ಬಾಗಿಲಿಗೆ ಬಂದರು. ಎಲ್ಲ ಕೇಳಿಸಿಕೊಂಡಿದ್ದರು.

"ಯಾವ ರಿವೆಟ್ಟು ಓರೆ ಇತ್ತು?" ಅಂದರು. ನಮಸ್ಕಾರ ಇಲ್ಲ, ಕೂತ್ಕೊಳ್ಳಿ ಇಲ್ಲ.

"ಕೆಳಗಡೆ ಮೂಲೇದು ಸಾರ್. ಹಿಂದಕ್ಕೆ ಜಾರಿತ್ತು."

ಅವರು ಬಾಗಿಲ ಚೌಕಟ್ಟು ಹಿಡಿದುಕೊಂಡರು. ಮಗಳು ಅವರ ಮುಖ ನೋಡಿದರು, ನನ್ನ ಮುಖ ನೋಡಿದರು.

"ನಿನ್ನೆ ನೀವು ಅಲ್ಲೇ ಇದ್ರಿ," ಅಂದರು ಹಿರಿಯರು. "ಬಿಳೀ ಷರಟು. ಒಂದು ಮಗು ಜೊತೇಲಿ."

"ಇದ್ದೆ ಸಾರ್."

"ಎರಡು ಕೈಯಲ್ಲೂ ಹುಡುಕಿದೆ ನಾನು. ನೋಡ್ತಾ ಇದ್ರಿ."

"ಮೊಮ್ಮಗಳು ಪಕ್ಕದಲ್ಲಿದ್ಲು ಸಾರ್. ಅವಳ ಮುಂದೆ..."

"ನನ್ನ ಮಗಳೂ ಪಕ್ಕದಲ್ಲೇ ಇದ್ಲು," ಅಂದರು.

ತಗಡಿನ ಮೇಲೆ ಮೆತ್ತಿದ್ದು ಅದು ಯಾರ ಕೆಲಸ ಅಂತ ಗೊತ್ತಿಲ್ಲದೆ ಮಾಡಿದ ತಪ್ಪು ಅಂತಾದರೂ ಹೇಳಬಹುದು, ನೋಡುತ್ತಾ ನಿಂತದ್ದಕ್ಕೆ ಅದೂ ಇಲ್ಲ. ಬರೋ ಭಾನುವಾರ ಬೆಳಿಗ್ಗೆ ಜನ ಬರುವ ಮೊದಲು ಬನ್ನಿ, ನಿಮ್ಮೆದುರಿಗೇ ತೆಗೀತೀನಿ, ಅಂತ ಕೈ ಮುಗಿದೆ. ಮಗಳು, "ಕರ್ಕೊಂಡು ಬರ್ತೀನಿ," ಅಂದರು.

ಕೂಸಿಗೆ ಹೇಳುವುದು ಅದಕ್ಕಿಂತ ಕಷ್ಟವಾಯಿತು. ಹಾಲು ಕುಡಿಯುತ್ತಾ ಕೂತಿದ್ದಾಗ, "ಬಸ್ಸಲ್ಲಿ ನಾನು ಸುಳ್ಳು ಹೇಳ್ದೆ ಕಣಮ್ಮ," ಅಂದೆ. ಅವಳು ಲೋಟದ ಮೇಲಿಂದ ನನ್ನನ್ನು ನೋಡಿದಳು.

"ನಂಗೆ ಗೊತ್ತಿತ್ತು. ಆ ತಾತ ಅಲ್ಲೇ ಮುಟ್ಟಿದ್ರಲ್ಲ."

"ಮತ್ತೆ ನೀ ಯಾಕೆ ಹೇಳ್ಲಿಲ್ಲ?"

"ನೀನು ಹೇಳ್ತೀಯ ಅಂತ ಕಾಯ್ತಿದ್ದೆ."

ಭಾನುವಾರ ಬಂತು. ಮೇಡಂ ಷರತ್ತು ಹಾಕಿದ್ದರು. ಬಣ್ಣ ಕರಗಿಸುವ ಔಷಧಿ ಹಾಕಬಾರದು, ಕಬ್ಬಿಣದ ಪಟ್ಟಿ ತಾಗಿಸಬಾರದು, ಮೆಷಿನ್ ಹಿಡಿಯಬಾರದು. ಪುಟ್ಟಿ ಹೋಗಬೇಕು, ಅದರಡಿಯ ತಗಡಿಗೆ ಗೀರು ಬೀಳಬಾರದು. ಅಂದರೆ ಮರದ ತುಂಡಿಗೆ ಒರಟು ಕಾಗದ ಸುತ್ತಿ ಕೈಯಲ್ಲೇ ಉಜ್ಜಬೇಕು. ನಾನು ಸುತ್ತಲೂ ಟೇಪು ಹಚ್ಚಿ ಶುರು ಮಾಡಿದೆ. ಮೊದಲು ಬೂದುಬಣ್ಣ ಹೋಯಿತು, ಪ್ರೈಮರ್ ಹೋಯಿತು, ಪುಟ್ಟಿಯ ಹಳದಿ ಬಂತು. ಹಳದಿ ಕಂಡಾಗ ಹಿರಿಯರ ಮಗಳು ಕೂತಿದ್ದ ಕುರ್ಚಿಯಿಂದ ಎದ್ದು ಹತ್ತಿರ ಬಂದರು. ಹಿರಿಯರು ಮಾತ್ರ ಕುರ್ಚಿಯಲ್ಲೇ ಇದ್ದರು, ಮಂಡಿಗಳ ಮೇಲೆ ಕೈ ಇಟ್ಟುಕೊಂಡು.

ಹಾಕುವಾಗ ಎಷ್ಟು ಚೆನ್ನಾಗಿ ಹಾಕಿದ್ದೆನೋ ತೆಗೆಯುವಾಗ ಅಷ್ಟೇ ಗೋಳು. ಎಲ್ಲೂ ಸಡಿಲ ಇಲ್ಲ. ಒಣ ಪುಡಿ ಮೂಗಿಗೆ, ಕಣ್ಣಿಗೆ, ಬಾಯಿಗೆ. ರಿವೆಟ್ಟಿನ ತಲೆ ಹತ್ತಿರ ಬಂದಂತೆ ಮರದ ತುಂಡು ಬಿಟ್ಟು ಕಾಗದವನ್ನು ಬೆರಳಿಗೇ ಸುತ್ತಿಕೊಂಡೆ. ಸಂದಿಗೆ ಬಿದಿರಿನ ಕಡ್ಡಿ. ಬೆರಳ ತುದಿ ಸವೆದು ಉರಿಯುತ್ತಿತ್ತು. ಉರಿಯಲಿ ಅನ್ನಿಸಿತು. ಕೂಸು ಪಕ್ಕದಲ್ಲಿ ನಿಂತು ಒದ್ದೆ ಬಟ್ಟೆಯಲ್ಲಿ ನನ್ನ ಹಣೆ ಒರೆಸುತ್ತಿದ್ದಳು, ಯಾರೂ ಹೇಳಿಕೊಟ್ಟದ್ದಲ್ಲ.

ಮೊದಲ ರಿವೆಟ್ಟು ಬೆಳ್ಳಗೆ ಕಂಡಿತು. ಆಮೇಲೆ ತಗಡಿನ ಅಂಚು. ಆಮೇಲೆ ಒಂದೊಂದಾಗಿ ಉಳಿದವು. ಕೆಳಮೂಲೆಯ ಪುಡಿಯನ್ನು ಊದಿದಾಗ ಆ ಓರೆ ರಿವೆಟ್ಟು ಈಚೆ ಬಂತು. ನಾನು ಹಿಂದಕ್ಕೆ ಸರಿದೆ. "ಸಾರ್," ಅಂದೆ.

ಹಿರಿಯರು ಎದ್ದು ಬಂದರು. ಮಗಳು ಕೈ ಹಿಡಿಯಲು ಹೋದರು, ಅವರು ಬಿಡಿಸಿಕೊಂಡರು. ಅಂಗೈ ಇಟ್ಟರು. ಈ ಸಲ ಕೈ ಜಾರಲಿಲ್ಲ. ತಗಡಿನ ಅಂಚಿಗೆ ತಡೆಯಿತು, ಅಲ್ಲೇ ನಿಂತಿತು. ಬೆರಳು ಒಂದೊಂದೇ ರಿವೆಟ್ಟು ದಾಟುತ್ತಾ ಹೋಯಿತು. ಎಣಿಸುವ ಹಾಗೆ ಅವರ ತುಟಿ ಅಲ್ಲಾಡುತ್ತಿತ್ತು.

ನನ್ನ ಕೂಸು ತಡೆಯಲಾರದೆ ತಾನೂ ಕೈ ಚಾಚಿ ಕೆಳಮೂಲೆ ಮುಟ್ಟಿತು. "ಇದು ಸೊಟ್ಟಗಿದೆ," ಅಂತು.

"ಹೌದಮ್ಮ," ಅಂದರು ಹಿರಿಯರು. "ಅದನ್ನ ಹೊಡೀವಾಗ ನನ್ನ ಕೈ ನಡುಗ್ತಿತ್ತು."

"ಯಾಕೆ?"

ಅಷ್ಟರಲ್ಲಿ ಮೇಡಂ ಹತ್ತಿರ ಬಂದು, ಇದಕ್ಕೆ ಇನ್ನು ತೆಳ್ಳಗೆ ಒಂದು ಕೋಟು ಬಣ್ಣ ಮಾತ್ರ, ರಿವೆಟ್ಟೆಲ್ಲ ಕಾಣಬೇಕು ಅಂದರು. ಹಿರಿಯರು ಆಗಲಿ ಅಂದರು. ನಾನು ಮತ್ತೊಮ್ಮೆ ಕೈ ಮುಗಿದೆ. ಅವರು ನನ್ನ ಕೈ ನೋಡಿದರು, ಬೆರಳ ತುದಿಯ ಕೆಂಪು ನೋಡಿದರು. ಕ್ಷಮಿಸಿದೆ ಅಂತ ಅವರ ಬಾಯಿಂದ ಬರಲಿಲ್ಲ. ಬರಲಿ ಅಂತ ಕಾಯುವುದೂ ಸರಿಯಲ್ಲ ಅಂತ ನಾನು ನಲ್ಲಿಯ ಹತ್ತಿರ ಹೋಗಿ ಕೈ ತೊಳೆಯುತ್ತಾ ನಿಂತೆ.

ಗೇಟಿನ ಕಡೆ ಹೋಗಬೇಕಾದರೆ ನಲ್ಲಿಯನ್ನು ದಾಟಿಯೇ ಹೋಗಬೇಕು. ಅಪ್ಪ ಮಗಳು ಆ ಕಡೆ ಬಂದರು. ಮಗಳ ಕಣ್ಣು ಕೆಂಪಾಗಿತ್ತು. ನಾನಿರುವುದು ಅವರ ಗಮನಕ್ಕೆ ಬರಲಿಲ್ಲ.

"ಅಪ್ಪ," ಅಂದರು ಮಗಳು, "ಯಾಕೆ ನಡುಗ್ತಿತ್ತು ಕೈ? ಇದನ್ನ ನೀವು ನಂಗೆ ಹೇಳಿಲ್ಲ."

"ಹೇಳಿದೀನಿ. ನೀನು ಕೇಳಿಸ್ಕೊಂಡಿಲ್ಲ."

"ಈಗ ಹೇಳಿ."

ಹಿರಿಯರು ನಿಂತರು. ಸುತ್ತ ನೋಡಿ, ಮರದ ಕೆಳಗಿನ ಕಲ್ಲುಬೆಂಚಿಗೆ ನಡೆದು ಕೂತರು. ಮಗಳು ಬ್ಯಾಗನ್ನು ತೊಡೆ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತರು. ಹಿರಿಯರು ಮಾತು ಶುರು ಮಾಡಿದರು. ನಲ್ಲಿ ನಿಲ್ಲಿಸಿದ್ದರೆ ನನಗೂ ಕೇಳಿಸುತ್ತಿತ್ತು, ಆದರೆ ಅದು ಮಗಳಿಗೆ ಹೇಳುತ್ತಿದ್ದ ಮಾತು. ನಾನು ನಲ್ಲಿಯನ್ನು ಇನ್ನಷ್ಟು ತಿರುಗಿಸಿ ಜೋರಾಗಿ ಬಿಟ್ಟೆ.